ಹೊಸ ಕ್ಯಾಮೆರಾ ಬೇಡ, ಒಂದು ಕೊಡೆ ಸಾಕು

ಕಳೆದ ತಿಂಗಳು ತರಗತಿ ಪ್ರತಿನಿಧಿಗಳ ಸಭೆಯಲ್ಲಿ ಕಾಲೇಜಿಗೆ ಹೊಸ ಕ್ಯಾಮೆರಾ ಕೊಳ್ಳುವ ಮಾತು ಬಂತು. ವಾರ್ಷಿಕ ಸಂಚಿಕೆಯ ಫೋಟೋಗಳು ಚೆನ್ನಾಗಿ ಬರುತ್ತಿಲ್ಲ, ಈಗಿರುವ ಕ್ಯಾಮೆರಾ ಹಳೆಯದಾಯಿತು, ಅದಕ್ಕೇ ಹೀಗೆ ಎಂದು ಎಲ್ಲರೂ ಒಪ್ಪಿದರು. ನಾನೊಬ್ಬಳು ಕೈ ಎತ್ತಿ, ‘ಅದು ಕ್ಯಾಮೆರಾದ ತಪ್ಪಲ್ಲ, ಬೆಳಕಿನ ತಪ್ಪು’ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಷ್ಟರಲ್ಲಿ ಬೆಲ್ ಹೊಡೆಯಿತು. ನಿರ್ಧಾರ ಇನ್ನೂ ಆಗಿಲ್ಲ. ಅಲ್ಲಿ ಹೇಳಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೊರಳಲ್ಲಿ ನೇತಾಡುತ್ತಿರುವ ಗುರುತಿನ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಹುಡುಗಿಯರಾದರೆ ಕಪ್ಪು ಸ್ಕಾರ್ಫ್ ನಡುವೆ ಸುಣ್ಣ ಬಳಿದಂಥ ಒಂದು ಬಿಳಿ ತೇಪೆ. ಅದರಲ್ಲಿ ಎರಡು ಕಣ್ಣು, ಒಂದು ಬಾಯಿ ಇರುತ್ತದೆ. ಮೂಗು ಇದೆಯೋ ಇಲ್ಲವೋ ಎಂದು ಹುಡುಕಬೇಕು. ಹುಡುಗರಾದರೆ ಬಿಳಿ ಗೋಡೆ, ಬಿಳಿ ಶರ್ಟು, ನಡುವೆ ಕಪ್ಪಾದ ಮುಖ. ಒಂದೇ ದಿನ, ಒಂದೇ ಕ್ಯಾಮೆರಾ, ಒಬ್ಬರೇ ತೆಗೆದದ್ದು. ಆದರೂ ಅರ್ಧ ಕಾಲೇಜು ಬೆಳ್ಳಗೆ ಸುಟ್ಟುಹೋಗಿದೆ, ಉಳಿದರ್ಧ ಕತ್ತಲಲ್ಲಿದೆ.

ನನ್ನ ಬೆಂಚಿನ ಗೆಳತಿಯ ಚೀಟಿ ಇನ್ನೂ ಒಂದು ಹೆಜ್ಜೆ ಮುಂದೆ. ಅವಳದು ಚೆಂದದ ಕಂದು ಬಣ್ಣ. ಫೋಟೋ ತೆಗೆದವರು ಕಂಪ್ಯೂಟರಿನಲ್ಲಿ ಅವಳನ್ನು ಕೇಳದೆಯೇ ಬೆಳ್ಳಗೆ ಮಾಡಿಕೊಟ್ಟರು. ಉಪಕಾರ ಮಾಡಿದೆವು ಎಂದೇ ಅವರು ತಿಳಿದಿದ್ದರು. ಮನೆಯಲ್ಲಿ ಅವಳ ದಾದಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, ‘ಯೇ ಕೌನ್ ಗೆ?’ ಎಂದು ಕೇಳಿದರಂತೆ. ನಾವೂ ನಕ್ಕೆವು. ಆಮೇಲೆ ಬೇರೊಂದು ಕಡೆ ಅಕೌಂಟೆನ್ಸಿ ಸ್ಪರ್ಧೆಗೆ ಹೋದಾಗ ಬಾಗಿಲಲ್ಲಿದ್ದವರು ಚೀಟಿಯನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು. ಪಕ್ಕಕ್ಕೆ ನಿಲ್ಲಲು ಹೇಳಿದರು. ನಮ್ಮ ಮೇಡಂ ಬಂದು ಹೇಳುವವರೆಗೆ ಅವಳು ಅಲ್ಲೇ ನಿಂತಿದ್ದಳು. ಒಳಗೆ ಬಂದಾಗ ಹತ್ತು ನಿಮಿಷ ಹೋಗಿತ್ತು. ಬ್ಯಾಲೆನ್ಸ್ ಶೀಟ್ ಅರ್ಧಕ್ಕೆ ನಿಂತಿತು. ಬಾಗಿಲಲ್ಲಿದ್ದವರ ತಪ್ಪು ಎಂದು ನಾನು ಹೇಳುವುದಿಲ್ಲ. ಚೀಟಿಯಲ್ಲಿದ್ದವಳು ಇವಳಲ್ಲ, ಅಷ್ಟೇ.

ಹೀಗೇಕೆ ಆಗುತ್ತದೆ ಎಂಬುದು ನನಗೆ ತಿಳಿದದ್ದು ಮಾಮುವಿನ ಅಂಗಡಿಯಲ್ಲಿ. ಅವರು ಮದುವೆ ಫೋಟೋ ತೆಗೆಯುತ್ತಾರೆ. ಕ್ಯಾಮೆರಾಕ್ಕೆ ಮುಖ ಯಾವುದು, ಬಟ್ಟೆ ಯಾವುದು ಗೊತ್ತಿಲ್ಲ ಎಂದು ಅವರು ಒಂದೇ ಮಾತಿನಲ್ಲಿ ಹೇಳಿದರು. ಅದರೊಳಗಿನ ಬೆಳಕಿನ ಮಾಪಕ ಎದುರಿಗೆ ಏನೇ ಇರಲಿ, ಎಲ್ಲವನ್ನೂ ಸೇರಿಸಿ ಸರಾಸರಿಗೆ ಒಂದು ನಡು ಬೂದು ಬಣ್ಣ ಬರಬೇಕು ಎಂದು ಲೆಕ್ಕ ಹಾಕುತ್ತದೆ. ಎದುರಿಗೆ ಕಪ್ಪು ಬುರ್ಖಾ ತೊಟ್ಟ ಮೂವತ್ತು ಹುಡುಗಿಯರು ಕೂತರೆ ‘ಅಯ್ಯೋ, ಇಲ್ಲಿ ಕತ್ತಲೆ’ ಎಂದುಕೊಂಡು ಬೆಳಕನ್ನು ಹೆಚ್ಚಿಸುತ್ತದೆ. ಬುರ್ಖಾ ಬೂದಾಗುತ್ತದೆ, ಮುಖ ಸುಟ್ಟುಹೋಗುತ್ತದೆ. ಬಿಳಿ ಗೋಡೆ, ಬಿಳಿ ಶರ್ಟು ಕಂಡರೆ ‘ಬೆಳಕು ಜಾಸ್ತಿ’ ಎಂದು ಇಳಿಸುತ್ತದೆ. ಹುಡುಗರ ಮುಖ ಕಪ್ಪಾಗುತ್ತದೆ. ಒಂದು ಲಕ್ಷದ ಕ್ಯಾಮೆರಾ ತಂದು ಆಟೋದಲ್ಲಿ ಇಟ್ಟರೂ ಈ ತೊಂದರೆ ಬಿಡುವುದಿಲ್ಲ. ಹೊಸ ಕ್ಯಾಮೆರಾಗಳು ಮುಖವನ್ನು ಗುರುತಿಸಿ ಸ್ವಲ್ಪ ಸರಿಪಡಿಸಿಕೊಳ್ಳುತ್ತವೆ, ನಿಜ. ಆದರೆ ಮಸೂರದ ತಲೆಯ ಮೇಲೇ ಕೂತು ನೇರ ಮುಖಕ್ಕೆ ಹೊಡೆಯುವ ಫ್ಲ್ಯಾಶ್ ಇರುವವರೆಗೆ ಮೂಗಿಗೂ ಕೆನ್ನೆಗೂ ವ್ಯತ್ಯಾಸ ಕಾಣುವುದಿಲ್ಲ. ನೋಡುವ ಕಣ್ಣು ಎಲ್ಲಿದೆಯೋ ಅಲ್ಲಿಂದಲೇ ಬೆಳಕೂ ಬಂದರೆ ನೆರಳು ಮುಖದ ಹಿಂದೆ ಹೋಗಿ ಗೋಡೆಯ ಮೇಲೆ ಬೀಳುತ್ತದೆ. ಮುಖದ ಮೇಲೆ ಉಳಿಯುವುದು ಎಣ್ಣೆಯ ಹೊಳಪು ಮಾತ್ರ.

ಮಾಮು ನನಗೆ ಕೊಟ್ಟದ್ದು ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಫ್ಲ್ಯಾಶ್. ಅದರ ಆಟೋ ಕೆಟ್ಟುಹೋಗಿದೆ. ಪೂರ್ತಿ, ಅರ್ಧ, ಕಾಲು, ಎಂಟನೇ ಒಂದು ಎಂದು ಕೈಯಿಂದಲೇ ಶಕ್ತಿ ಹೊಂದಿಸಬೇಕು. ಜೊತೆಗೆ ಒಂದು ಟ್ರಿಗರ್, ಅಂದರೆ ತಂತಿ ಇಲ್ಲದೆ ದೂರದಲ್ಲಿರುವ ಫ್ಲ್ಯಾಶನ್ನು ಹೊತ್ತಿಸುವ ಸಣ್ಣ ಡಬ್ಬಿ. ಒಂದು ಬಿಳಿ ಕೊಡೆ. ಸ್ಟ್ಯಾಂಡ್ ಇರಲಿಲ್ಲ, ನೆಲ ಒರೆಸುವ ಕೋಲಿಗೆ ಕಟ್ಟಿ ತಮ್ಮನ ಕೈಗೆ ಕೊಟ್ಟೆ. ಎರಡು ದಿನದಲ್ಲಿ ಅವನು ಕೂಲಿ ಕೇಳಿದ. ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲ್ ಹಾಳೆ ಇನ್ನೊಂದು ಕಡೆಯಿಂದ ಬೆಳಕನ್ನು ತಿರುಗಿಸಲು. ಮನೆಯವರು ಯಾರೂ ಗಂಟೆಗಟ್ಟಲೆ ಕೂರಲು ಒಪ್ಪಲಿಲ್ಲವಾದ್ದರಿಂದ ಗೆಳತಿಯ ಅಬ್ಬಾ ಅವರ ಸ್ಕಾರ್ಫ್ ಅಂಗಡಿಯಿಂದ ಒಂದು ಗೊಂಬೆ ತಲೆ ತಂದೆ. ಅದಕ್ಕೆ ಚೂಪಾದ ಮೂಗಿದೆ, ಕಣ್ಣು ಮಿಟುಕಿಸುವುದಿಲ್ಲ, ‘ಸಾಕು’ ಎನ್ನುವುದಿಲ್ಲ. ಬೆಳಕು ಕಲಿಯಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ, ಒಂದು ಗೊಂಬೆ ತಲೆ.

ನಾಲ್ಕು ಹಳೆಯ ಕ್ರಮಗಳಿವೆ. ಅವನ್ನು ಕಲಿಯಲು ನೋಡಬೇಕಾದದ್ದು ಮೂಗಿನ ನೆರಳು ಒಂದನ್ನೇ.

ದೀಪವನ್ನು ಮುಖದ ನೇರ ಎದುರಿಗೆ, ತಲೆಗಿಂತ ಎತ್ತರದಲ್ಲಿ ಇಟ್ಟರೆ ಮೂಗಿನ ಕೆಳಗೆ ಪುಟ್ಟ ಚಿಟ್ಟೆಯಂಥ ನೆರಳು ಬೀಳುತ್ತದೆ. ಹಾಲಿವುಡ್‌ನ ಪ್ಯಾರಾಮೌಂಟ್ ಕಂಪನಿಯ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ, ಏಕೆಂದರೆ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅಲ್ಲಿ ಮಾಡಿದ ಚಿತ್ರಗಳಲ್ಲಿ ಮರ್ಲೀನ್ ಡೀಟ್ರಿಕ್ ಮುಖಕ್ಕೆ ಬಿದ್ದ ಬೆಳಕು ಇದು. 1932ರ ‘ಶಾಂಘೈ ಎಕ್ಸ್‌ಪ್ರೆಸ್’ ಚಿತ್ರದ ಛಾಯಾಗ್ರಹಣಕ್ಕೆ ಲೀ ಗಾರ್ಮ್ಸ್ ಅವರಿಗೆ ಆಸ್ಕರ್ ಬಂತು. ಅದೇ ದೀಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ನೆರಳು ಓರೆಯಾಗಿ ಕೆನ್ನೆಯ ಕಡೆಗೆ ಒಂದು ಸಣ್ಣ ಕುಣಿಕೆಯಂತೆ ಇಳಿಯುತ್ತದೆ. ಹೆಚ್ಚಿನ ಮುಖಗಳಿಗೆ ಹೊಂದುವುದು ಇದೇ. ಇನ್ನೂ ಸರಿಸಿ, ಸುಮಾರು 45 ಡಿಗ್ರಿ ಪಕ್ಕಕ್ಕೆ, ಅಷ್ಟೇ ಮೇಲಕ್ಕೆ ಒಯ್ದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಹೋಗಿ ಸೇರುತ್ತದೆ. ಆಗ ಕತ್ತಲೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಇದಕ್ಕೆ 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರು. ಪೂರ್ತಿ ಪಕ್ಕಕ್ಕೆ ಒಯ್ದರೆ ಮುಖ ಎರಡು ಭಾಗ, ಅರ್ಧ ಬೆಳಕು, ಅರ್ಧ ಕತ್ತಲೆ. ತಮ್ಮನಿಗೆ ಇಷ್ಟವಾದದ್ದು ಅದೊಂದೇ, ಸಿನಿಮಾದ ವಿಲನ್ ಹಾಗೆ ಕಾಣುತ್ತೇನೆ ಎಂದು.

ನನಗೆ ಆ ತ್ರಿಕೋನ ಸಿಗಲು ಹನ್ನೊಂದು ದಿನ ಬೇಕಾಯಿತು. ಗೊಂಬೆಗೆ ಸಿಕ್ಕಿತು, ಆದರೆ ಅಮ್ಮಿಯನ್ನು ಕೂರಿಸಿದರೆ ಸಿಗಲಿಲ್ಲ. ಅಮ್ಮಿಯ ಮೂಗು ಗೊಂಬೆಯಷ್ಟು ಚೂಪಲ್ಲ, ಕಣ್ಣು ಒಳಗಿವೆ. ದೀಪ ಅಷ್ಟು ಎತ್ತರದಲ್ಲಿದ್ದರೆ ಕಣ್ಣಿನ ಗುಳಿ ಕತ್ತಲಾಗುತ್ತದೆ. ಒಂದು ಗೇಣು ಇಳಿಸಿ, ಅವರ ಮುಖವನ್ನು ದೀಪದ ಕಡೆಗೆ ಸ್ವಲ್ಪ ತಿರುಗಿಸಿದ ಮೇಲೆ ಬಂತು. ಅಮ್ಮಿ ಫೋಟೋ ನೋಡಿ ಏನೂ ಹೇಳಲಿಲ್ಲ. ಅಬ್ಬಾ ಅಂಗಡಿಯಿಂದ ಬಂದ ಮೇಲೆ ಅವರಿಗೆ ತೋರಿಸಿದರು. ಅಂದು ಊಟಕ್ಕೆ ಕರೆಯುವಾಗ ನನ್ನ ಹೆಸರಿಗೆ ‘ಬೇಟಾ’ ಸೇರಿತ್ತು.

ನಮ್ಮ ಮನೆಗಳಲ್ಲಿ ಹಿರಿಯರು ಯಾರನ್ನಾದರೂ ನೋಡಿ ‘ಚೆಹರೆ ಪೆ ನೂರ್ ಹೈ’ ಎನ್ನುತ್ತಾರೆ. ಕಪ್ಪಗಿರುವವರನ್ನೂ ಹಾಗೆ ಹೇಳುತ್ತಾರೆ, ಬೆಳ್ಳಗಿರುವವರನ್ನೂ ಹೇಳುತ್ತಾರೆ. ಅದು ಬಣ್ಣದ ಮಾತಲ್ಲ. ಆದರೆ ಅದೇ ಮನೆಯವರು ಸ್ಟುಡಿಯೋಗೆ ಹೋದಾಗ ‘ಥೋಡಾ ಗೋರಾ ಕರ್ ದೇವ್’ ಎನ್ನುತ್ತಾರೆ. ಮಾಮುವಿನ ಅಂಗಡಿಯಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ. ಮಾಮು ಮಾಡಿಕೊಡುತ್ತಾರೆ ಕೂಡ, ಅವರ ಹೊಟ್ಟೆಪಾಡು. ಒಂದು ಸಂಜೆ ಗಿರಾಕಿಯೊಬ್ಬರಿಗೆ ಎರಡು ಪ್ರತಿ ತೋರಿಸಿದೆವು. ಒಂದು ನೇರ ಫ್ಲ್ಯಾಶ್ ಹೊಡೆದು ಬೆಳ್ಳಗೆ ಮಾಡಿದ್ದು, ಇನ್ನೊಂದು ಕೊಡೆಯ ಬೆಳಕಿನಲ್ಲಿ ತೆಗೆದು ಬಣ್ಣ ಮುಟ್ಟದೆ ಬಿಟ್ಟದ್ದು. ಅವರು ಎರಡನೆಯದನ್ನು ತೆಗೆದುಕೊಂಡರು. ಒಬ್ಬರು ಹಾಗೆ ಮಾಡಿದರು ಎಂದು ಎಲ್ಲರೂ ಮಾಡುತ್ತಾರೆ ಎನ್ನಲಾರೆ. ಆದರೆ ಅವರ ಮುಂದೆ ಎರಡನೆಯದು ಇತ್ತು. ನಮ್ಮ ಗುರುತಿನ ಚೀಟಿಯ ದಿನ ನಮ್ಮ ಮುಂದೆ ಅದು ಇರಲಿಲ್ಲ.

ಕಪ್ಪು ಸ್ಕಾರ್ಫಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಾಲೇಜಿನ ಅರ್ಧ ಸಮಸ್ಯೆ ಅದೇ. ಕೈಯಿಂದ ಹೊಂದಿಸುವ ಫ್ಲ್ಯಾಶಿಗೆ ಎದುರಿನವರು ಏನು ತೊಟ್ಟಿದ್ದಾರೆ ಎಂಬ ಚಿಂತೆ ಇಲ್ಲ. ದೀಪ ಇಲ್ಲಿ, ಕುರ್ಚಿ ಅಲ್ಲಿ, ಶಕ್ತಿ ಕಾಲು ಭಾಗ, ಅಪರ್ಚರ್ 8, ಶಟರ್ 1/125 ಎಂದು ಒಮ್ಮೆ ನಿಲ್ಲಿಸಿದರೆ ಕುರ್ಚಿಯಲ್ಲಿ ಕಪ್ಪು ಬುರ್ಖಾದವಳು ಕೂರಲಿ, ಬಿಳಿ ಶರ್ಟಿನವನು ಕೂರಲಿ, ಮುಖಕ್ಕೆ ಬೀಳುವ ಬೆಳಕು ಒಂದೇ. ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ, ಕಂದು ಕಂದಾಗಿ ಬರುತ್ತದೆ. ಆಟೋ ಕೆಟ್ಟ ಫ್ಲ್ಯಾಶ್ ಸಿಕ್ಕಿದ್ದು ನನ್ನ ಅದೃಷ್ಟ ಎಂದು ಆಗ ಅರ್ಥವಾಯಿತು.

ಇನ್ನು ಹಿಂದಿನ ಗೋಡೆ. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಎರಡು ಪಟ್ಟು ದೂರಕ್ಕೆ ನಾಲ್ಕನೇ ಒಂದು, ಮೂರು ಪಟ್ಟಿಗೆ ಒಂಬತ್ತನೇ ಒಂದು. ಸೈನ್ಸ್ ವಿಭಾಗದವರು ಇದನ್ನು ಸೂತ್ರವಾಗಿ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನಾನು ಕಾಮರ್ಸ್, ನನಗೆ ಇದು ಗೋಡೆಯಿಂದ ತಿಳಿಯಿತು. ಮುಖ ದೀಪದಿಂದ ಒಂದು ಮೀಟರ್, ಗೋಡೆ ಮೂರು ಮೀಟರ್ ದೂರದಲ್ಲಿದ್ದರೆ ನಮ್ಮ ಸುಣ್ಣದ ಗೋಡೆಯೂ ಕಡು ಬೂದಾಗಿ ಬರುತ್ತದೆ. ಚೆಂದವೇ, ಆದರೆ ಕಪ್ಪು ಸ್ಕಾರ್ಫ್ ಅದರಲ್ಲಿ ಕರಗಿ ಮುಖ ಒಂದೇ ಗಾಳಿಯಲ್ಲಿ ತೇಲುತ್ತದೆ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದರೆ ಗೋಡೆ ಬೆಳಗುತ್ತದೆ, ಸ್ಕಾರ್ಫಿನ ಅಂಚು, ಹೆಗಲಿನ ಗೆರೆ ಬಿಡಿಸಿ ಕಾಣುತ್ತದೆ. ಎರಡನೇ ದೀಪವೂ ಬೇಡ, ಹಿಂದಿನ ಪರದೆಯೂ ಬೇಡ, ಕುರ್ಚಿ ಎಳೆದರೆ ಆಯಿತು. ಕನ್ನಡಕದವರಿಗೆ ದೀಪ ಸ್ವಲ್ಪ ಮೇಲೆ, ಗಲ್ಲ ಸ್ವಲ್ಪ ಕೆಳಗೆ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ತ್ರಿಕೋನ ಕಲಿತ ಜೋರಿನಲ್ಲಿ ನಾನು ಗೆಳತಿಯ ಹೊಸ ಚೀಟಿಗೆ ಅದೇ ಬೆಳಕಿನಲ್ಲಿ ಫೋಟೋ ತೆಗೆದೆ. ಆಫೀಸಿನವರು ‘ಅರ್ಧ ಮುಖ ಎಲ್ಲಿ?’ ಎಂದು ಹಿಂದಿರುಗಿಸಿದರು. ಅವರು ಹೇಳಿದ್ದು ಸರಿ. ಗುರುತಿನ ಚೀಟಿಗೆ, ಪಾಸ್‌ಪೋರ್ಟಿಗೆ ಬೆಳಕು ಸಮನಾಗಿರಬೇಕು, ಮುಖದ ಮೇಲೆ ದಟ್ಟ ನೆರಳು ಇರಬಾರದು. ರೆಂಬ್ರಾಂಟ್ ಅಲ್ಲಿಗಲ್ಲ. ಆದರೆ ಸಮ ಬೆಳಕು ಎಂದರೆ ನೇರ ಫ್ಲ್ಯಾಶ್ ಅಲ್ಲ. ಕೊಡೆಯನ್ನು ಮುಖದ ಎದುರಿಗೆ, ಸ್ವಲ್ಪ ಮೇಲೆ ತಂದು, ಎದೆಯ ಮಟ್ಟದಲ್ಲಿ ಥರ್ಮೋಕೋಲ್ ಹಿಡಿದರೆ ನೆರಳು ತಿಳಿಯಾಗುತ್ತದೆ, ಮೂಗು ಮೂಗಾಗಿಯೇ ಉಳಿಯುತ್ತದೆ. ಎರಡನೇ ಸಲ ತೆಗೆದದ್ದನ್ನು ಆಫೀಸಿನವರು ತೆಗೆದುಕೊಂಡರು. ಅಕೌಂಟೆನ್ಸಿಯಲ್ಲಿ ನಾವು ಕರೆಂಟ್ ರೇಶಿಯೊ 2:1 ಇದ್ದರೆ ಒಳ್ಳೆಯದು ಎಂದು ಓದುತ್ತೇವಲ್ಲ, ಮುಖದ ಎರಡು ಬದಿಯ ಬೆಳಕಿಗೂ ಅಂಥ ಲೆಕ್ಕವಿದೆ. ಸಮ ಸಮ ಇದ್ದರೆ ಚೀಟಿಗೆ, 2:1 ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಫೋಟೋಗೆ. ಅದಕ್ಕಿಂತ ಹೆಚ್ಚಾದರೆ ತಮ್ಮನ ವಿಲನ್.

ನಮ್ಮ ಕಾಲೇಜಿನ ಪ್ರತಿ ಸಮಾರಂಭದಲ್ಲೂ ಯಾರಾದರೊಬ್ಬರು ಇಬ್ನುಲ್ ಹೈಸಮ್ ಹೆಸರು ಹೇಳಿ ಕುಳಿತುಕೊಳ್ಳುತ್ತಾರೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ‘ಕಿತಾಬುಲ್ ಮನಾಝಿರ್’ ಬರೆದವರು, ಚಪ್ಪಾಳೆ. ಅವರು ಮಾಡಿದ ಪ್ರಯೋಗವನ್ನು ಯಾರೂ ಮಾಡಿ ತೋರಿಸಿದ್ದು ನಾನು ನೋಡಿಲ್ಲ. ಕತ್ತಲೆಯ ಕೋಣೆಗೆ ಒಂದು ಸಣ್ಣ ತೂತು, ಹೊರಗೆ ಸಾಲಾಗಿ ಕೆಲವು ದೀಪಗಳು. ಒಳಗಿನ ಗೋಡೆಯ ಮೇಲೆ ಒಂದೊಂದು ದೀಪಕ್ಕೆ ಒಂದೊಂದು ಬೆಳಕಿನ ಚುಕ್ಕೆ. ಒಂದು ದೀಪಕ್ಕೆ ಕೈ ಅಡ್ಡ ಹಿಡಿದರೆ ಅದರ ಚುಕ್ಕೆ ಮಾತ್ರ ಹೋಗುತ್ತದೆ, ಉಳಿದವು ಹಾಗೇ ಇರುತ್ತವೆ. ಬೆಳಕುಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ, ನೇರ ಹೋಗುತ್ತವೆ. ನಾನೂ ತಮ್ಮನೂ ಮೂರು ಮೊಬೈಲ್ ಟಾರ್ಚ್ ಇಟ್ಟುಕೊಂಡು ಮನೆಯಲ್ಲಿ ಮಾಡಿದೆವು. ಹತ್ತು ನಿಮಿಷದ ಕೆಲಸ. ಭಾಷಣ ಇದಕ್ಕಿಂತ ಉದ್ದ ಇರುತ್ತದೆ.

ನಮ್ಮ ಕರ್ನಾಟಕದವರ ಹೆಸರನ್ನೂ ಯಾರೂ ಹೇಳುವುದಿಲ್ಲ. ಗುರುದತ್ ಅವರ ಚಿತ್ರಗಳ ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೈಸೂರಿನವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬಕ್ಕೆ ಅವರು ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಒಳಗೆ ತಂದರು. ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಬಂಗಾಳದ ಸುಬ್ರತ ಮಿತ್ರ 1956ರ ‘ಅಪರಾಜಿತೊ’ ಚಿತ್ರಕ್ಕೆ ಕಾಶಿಯ ಮನೆಯಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ಕೆಳಗಿನಿಂದ ಅದಕ್ಕೆ ದೀಪ ಹೊಡೆದು, ಮೋಡದ ದಿನದ ಬೆಳಕು ಬರಿಸಿದರು. ಕನ್ನಡಿ, ಬಿಳಿ ಬಟ್ಟೆ. ನನ್ನ ಥರ್ಮೋಕೋಲ್ ನೋಡಿ ನಕ್ಕವರು ಇದನ್ನು ಗಮನಿಸಬೇಕು.

ಈಗ ಎದುರು ಬರುವ ಮಾತುಗಳು. ಓದು ಹಾಳಾಗುತ್ತದೆ ಎನ್ನುವವರಿಗೆ ನನ್ನ ಬಳಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಇದೆ. ಸ್ಟ್ಯಾಟಿಸ್ಟಿಕ್ಸ್ ಕಡಿಮೆ ಬಂದಿದೆ, ಅದು ಮೊದಲೂ ಕಡಿಮೆಯೇ ಇತ್ತು.

ತಸ್ವೀರ್ ತೆಗೆಯುವುದೇ ಸರಿಯಲ್ಲ ಎನ್ನುವವರೂ ನಮ್ಮ ನಡುವೆ ಇದ್ದಾರೆ. ಉಲಮಾಗಳಲ್ಲೇ ಈ ಬಗ್ಗೆ ಒಂದೇ ಮಾತಿಲ್ಲ, ಅದನ್ನು ತೀರ್ಮಾನಿಸಲು ಹದಿನೇಳು ವರ್ಷದ ನಾನು ಯಾರು? ನನ್ನ ದಾದಿಯೂ ಮನೆಯ ಗೋಡೆಗೆ ಫೋಟೋ ಹಾಕಲು ಬಿಡುವುದಿಲ್ಲ. ಆದರೆ ಹಜ್ ಯಾತ್ರೆಯ ಪಾಸ್‌ಪೋರ್ಟಿಗೆ ಕೂತರು. ಕೂತ ಮೇಲೆ ಅದು ಅವರ ಹಾಗೇ ಇರಬೇಕು ಎಂಬುದರಲ್ಲಿ ಅವರಿಗೂ ನನಗೂ ಭಿನ್ನಾಭಿಪ್ರಾಯ ಇಲ್ಲ. ನಾನು ಕೇಳುತ್ತಿರುವುದು ತೆಗೆಯಲೇಬೇಕಾದ ಫೋಟೋವನ್ನು ಸರಿಯಾಗಿ ತೆಗೆಯೋಣ ಎಂದಷ್ಟೇ. ಬೇಡ ಎನ್ನುವವರನ್ನು ವಾರ್ಷಿಕ ಸಂಚಿಕೆಗಾಗಿ ಒತ್ತಾಯಿಸಬಾರದು ಎಂದೂ ಸೇರಿಸುತ್ತೇನೆ.

ನನಗೆ ಹೆಚ್ಚು ಗಂಭೀರ ಎನಿಸುವುದು ಮೂರನೆಯದು. ಫೋಟೋ ಯಾರ ಕೈಯಲ್ಲಿ ಉಳಿಯುತ್ತದೆ? ಹುಡುಗಿಯರು ಕ್ಯಾಮೆರಾದ ಮುಂದೆ ಬಿಗಿಯಾಗಿ ಕೂರುವುದಕ್ಕೆ ನಾಚಿಕೆಯೊಂದೇ ಕಾರಣ ಅಲ್ಲ. ತೆಗೆದವರು ಮೆಮೊರಿ ಕಾರ್ಡ್ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ಆಮೇಲೆ ಅದು ಎಲ್ಲಿಗೆ ಹೋಯಿತು ಎಂದು ನಮಗೆ ಯಾರೂ ಹೇಳುವುದಿಲ್ಲ. ನಮ್ಮ ಬಾಜಿಯ ನಿಕಾಹ್‌ನಲ್ಲಿ ಇದೇ ಕಾರಣಕ್ಕೆ ಹೆಂಗಸರ ಕಡೆ ಫೋಟೋಗ್ರಾಫರನ್ನು ಒಳಗೆ ಬಿಡಲಿಲ್ಲ. ಇಂದು ಬಾಜಿಯ ಬಳಿ ಮದುವೆಯ ದಿನದ್ದು ಎಂದು ಇರುವುದು ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋಗಳು. ಹುಡುಗಿಯರ ಫೋಟೋಗಳನ್ನು ಹುಡುಗಿಯರೇ ತೆಗೆಯಲಿ, ಕಾರ್ಡ್ ಕಾಲೇಜಿನ ಬೀರುವಿನಲ್ಲಿ ಇರಲಿ, ಚೀಟಿ ಮುದ್ರಣವಾದ ಮೇಲೆ ಮೇಡಂ ಎದುರಿಗೇ ಅಳಿಸಲಿ. ಇದಕ್ಕೆ ಹೊಸ ಕ್ಯಾಮೆರಾ ಬೇಡ, ಫೋಟೋ ತೆಗೆಯಲು ಬಲ್ಲ ನಾಲ್ಕು ಹುಡುಗಿಯರು ಬೇಕು. ಹಾಗೆ ಬಲ್ಲವರಿಗೆ ನಾಳೆ ಮದುವೆ ಮನೆಗಳಲ್ಲಿ ಕೆಲಸಕ್ಕೂ ಕೊರತೆ ಇರದು. ಬೇಡಿಕೆ ಇದೆ, ಪೂರೈಕೆ ಇಲ್ಲ, ನಮ್ಮ ಪಾಠವೇ.

ಲೆಕ್ಕ ಹೇಳುತ್ತೇನೆ. ಸಭೆಯಲ್ಲಿ ಓದಿದ ಕ್ಯಾಮೆರಾದ ಅಂದಾಜು 60,000 ರೂಪಾಯಿ. ನಾನು ಅಂಗಡಿಯಲ್ಲಿ ವಿಚಾರಿಸಿದ ಪ್ರಕಾರ ಕೈಯಿಂದ ಹೊಂದಿಸುವ ಫ್ಲ್ಯಾಶ್ 3,000, ಟ್ರಿಗರ್ 1,500, ಸ್ಟ್ಯಾಂಡ್ 1,000, ಕೊಡೆ 500, ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸುವ ಹಿಡಿ 300, ಚಾರ್ಜ್ ಮಾಡುವ ಸೆಲ್ಲು ಮತ್ತು ಚಾರ್ಜರ್ 1,200. ಒಟ್ಟು 7,500. ಥರ್ಮೋಕೋಲ್ ನನ್ನದೇ ಕೊಡುತ್ತೇನೆ. ಕಾಲೇಜಿನ ಈಗಿನ ಕ್ಯಾಮೆರಾವನ್ನು ನಾನು ನೋಡಿದ್ದೇನೆ, ಅದರ ಮೇಲೆ ಟ್ರಿಗರ್ ಕೂರುತ್ತದೆ, ಮ್ಯಾನ್ಯುಯಲ್ ಇದೆ, ಸಾಕು. ಉಳಿದ 52,500 ರೂಪಾಯಿಗೆ ಲೈಬ್ರರಿಯವರು ಏನು ಕೇಳುತ್ತಿದ್ದಾರೆ ಎಂದು ಪ್ರತಿನಿಧಿಗಳು ಒಮ್ಮೆ ವಿಚಾರಿಸಬಹುದು.

ಮುಂದಿನ ಸಭೆ ಶನಿವಾರ ಎಂದು ಬೋರ್ಡಿನಲ್ಲಿ ಬರೆದಿದೆ. ಅಂದು ಮಾಮುವಿನ ಫ್ಲ್ಯಾಶ್, ಕೊಡೆ, ಗೊಂಬೆ ತಲೆ ಮೂರನ್ನೂ ತರುತ್ತೇನೆ. ಪ್ರಿನ್ಸಿಪಾಲರು ಅನುಮತಿ ಕೊಟ್ಟರೆ ಸಭೆಯ ಕೋಣೆಯ ಅದೇ ಬಿಳಿ ಗೋಡೆಯ ಮುಂದೆ ಒಬ್ಬಳು ಬುರ್ಖಾದವಳನ್ನು, ಒಬ್ಬ ಬಿಳಿ ಶರ್ಟಿನವನನ್ನು ಒಬ್ಬರಾದ ಮೇಲೆ ಒಬ್ಬರಂತೆ ಕೂರಿಸಿ ತೆಗೆದು ತೋರಿಸುತ್ತೇನೆ. ಕೋಲು ಹಿಡಿಯಲು ಒಬ್ಬರು ಬೇಕು. ತಮ್ಮ ಬರುವುದಿಲ್ಲವಂತೆ.